ಕೊನೆಯ ಶನಿವಾರದ ತುಟಿಮಾತು

ಹೆಟ್ಟಿ ಕ್ರಾಶಾಳ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಹದಿನಾಲ್ಕನೇ ವಯಸ್ಸಿಗೆ ಬ್ರಾಕ್‌ಡೇಲಿನ ಹತ್ತಿ ಮಿಲ್ಲಿನ ಮಗ್ಗದ ಶೆಡ್ಡಿಗೆ ಕಾಲಿಟ್ಟವಳು ನಲವತ್ತೈದು ವರ್ಷ ಅಲ್ಲೇ ನಿಂತಳು. ಎಂಟುನೂರು ಮಗ್ಗ ಒಂದೇ ಸೂರಿನಡಿ ಕುಟ್ಟುತ್ತಿದ್ದ ಜಾಗ ಅದು. ಲಾಳಿ ಅತ್ತ ಹೋಗಿ ಇತ್ತ ಬಂದಾಗಲೆಲ್ಲ ಅವಳ ಕಿವಿಯಿಂದ ಒಂದೊಂದೇ ಎಳೆ ಬಿಚ್ಚಿಕೊಂಡು ಹೋದ ಹಾಗಾಗಿ, ಅರವತ್ತು ತುಂಬುವ ಹೊತ್ತಿಗೆ ಒಳಗೆ ಏನೂ ಉಳಿದಿರಲಿಲ್ಲ.

ಆದರೆ ನೇಯುವ ಹೆಂಗಸರಿಗೆ ಕಿವಿಯ ಹಂಗು ಯಾವತ್ತಿತ್ತು? ಅವರದು ತುಟಿಮಾತು. ಬಾಯಿಂದ ಸದ್ದೇ ಹೊರಡಿಸದೆ, ತುಟಿಯನ್ನು ಅಗಲಿಸಿ ಹಿಗ್ಗಿಸಿ, ಹುಬ್ಬು ಕೈ ಎಲ್ಲ ಸೇರಿಸಿ, ಆ ಮೂಲೆಯಿಂದ ಈ ಮೂಲೆಗೆ ಊರಿನ ಸುದ್ದಿಯನ್ನೆಲ್ಲ ದಾಟಿಸುತ್ತಿದ್ದರು. ಯಾರು ಬಸುರಿ, ಯಾರ ಗಂಡ ಕುಡಿದು ಚರಂಡಿಗೆ ಬಿದ್ದ, ಮೇಸ್ತ್ರಿಯ ಹೊಸ ಮೀಸೆ ಯಾವ ಪ್ರಾಣಿಯ ಬಾಲದ ಹಾಗಿದೆ ಎಲ್ಲವನ್ನೂ, ಅದೇ ಮೇಸ್ತ್ರಿಯ ಕಣ್ಣೆದುರಿಗೇ. ಮಿಲ್ಲು ಮುಚ್ಚಿತು. ಹೆಂಗಸರಲ್ಲಿ ಕೆಲವರು ಸತ್ತರು, ಕೆಲವರು ಮಕ್ಕಳ ಊರಿಗೆ ಹೋದರು. ಈಗ ಬ್ರಾಕ್‌ಡೇಲಿನಲ್ಲಿ ಆ ಮಾತು ಬಲ್ಲವರು ಇಬ್ಬರೇ. ಒಬ್ಬಳು ಹೆಟ್ಟಿ, ಇನ್ನೊಬ್ಬಳು ಕ್ಲಾರಿಸ್. ಆ ಇಬ್ಬರ ನಡುವೆ ಮಾತಿರಲಿಲ್ಲ.

ಜಗಳ ಮಗ್ಗದ್ದೇ. ಆರು ವರ್ಷದ ಹಿಂದೆ, ಮಿಲ್ಲು ಮುಚ್ಚುವುದಕ್ಕೆ ಒಂದು ವರ್ಷ ಮೊದಲು, ಆರು ಮಗ್ಗದ ಬದಲು ಎಂಟು ನೋಡಿಕೊಳ್ಳುವವರು ಯಾರು ಎಂದು ಯಜಮಾನರು ಕೇಳಿದಾಗ ಕ್ಲಾರಿಸ್ ಕೈ ಎತ್ತಿದಳು. ಹೆಟ್ಟಿಯ ಮಗ್ಗ ಅವಳ ಪಾಲಾಯಿತು, ಹೆಟ್ಟಿ ಮನೆ ಸೇರಿದಳು. ಹೊರಡುವ ದಿನ ಹೆಟ್ಟಿ ಬಾಗಿಲಲ್ಲಿ ನಿಂತು, ತುಟಿಯನ್ನು ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ, 'ಕಳ್ಳಿ' ಅಂದಳು. ಕೂಗಿದ್ದರೆ ಒಬ್ಬರಿಗೂ ಕೇಳುತ್ತಿರಲಿಲ್ಲ. ತುಟಿಮಾತಲ್ಲಿ ಅಂದದ್ದರಿಂದ ಇಡೀ ಶೆಡ್ಡು ಓದಿತು. ಕ್ಲಾರಿಸ್ ಅವತ್ತು ಮುಖ ತಿರುಗಿಸಿದವಳು ಮತ್ತೆ ಇತ್ತ ನೋಡಲಿಲ್ಲ. ಆ ಮಾತಿನಲ್ಲಿ ಮುಖ ತಿರುಗಿಸುವುದೆಂದರೆ ಬಾಗಿಲು ಹಾಕಿ ಅಗುಳಿ ಜಡಿದ ಹಾಗೆ.

ಹೆಟ್ಟಿಯ ಗಂಡ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಂಚೆ ಕಚೇರಿಯಲ್ಲಿ ಜನ ಅವಳೊಂದಿಗೆ ತಲೆ ತಗ್ಗಿಸಿ ಕಾಗದ ನೋಡುತ್ತಾ ಮಾತಾಡುತ್ತಿದ್ದರು, ಇಲ್ಲವೇ ಕತ್ತಿನ ನರ ಉಬ್ಬುವಷ್ಟು ಕಿರುಚುತ್ತಿದ್ದರು. ಎರಡರಿಂದಲೂ ಅವಳಿಗೇನೂ ತಿಳಿಯುತ್ತಿರಲಿಲ್ಲ. ವಾರಕ್ಕೆ ಆರು ದಿನ ಹೀಗೆ. ಉಳಿದದ್ದು ಶನಿವಾರ.

ಊರಿನ ಫುಟ್‌ಬಾಲ್ ತಂಡ ಬ್ರಾಕ್‌ಡೇಲ್ ಟೌನಿನ ಮೈದಾನದಲ್ಲಿ ನಿಂತು ನೋಡುವ ಮೆಟ್ಟಿಲುಗಳಿದ್ದವಲ್ಲ, ಅಲ್ಲಿ ಅವಳದೊಂದು ಜಾಗವಿತ್ತು. ಎಡಕ್ಕೆ ಅರ್ನಿ, ಬಲಕ್ಕೆ ಸಿರಿಲ್. ಅರ್ನಿ ನಿವೃತ್ತ ಬಸ್ ಡ್ರೈವರ್. ಬೇರೆ ಊರಿನ ಆಟಗಳ ಸುದ್ದಿ ಕೇಳಲು ಕಿವಿಗೆ ಪುಟ್ಟ ಟ್ರಾನ್ಸಿಸ್ಟರ್ ಅಂಟಿಸಿಕೊಂಡೇ ಇರುತ್ತಿದ್ದ. ಸಿರಿಲ್ ಮಾಂಸದಂಗಡಿಯವನು, ಅವನ ಎದೆ ದುರ್ಬಲ, ನಾಲಿಗೆ ಗಟ್ಟಿ. ಈ ಇಬ್ಬರೂ ಎಷ್ಟೋ ವರ್ಷದ ಅಭ್ಯಾಸದಿಂದ, ತಮಗೇ ಗೊತ್ತಿಲ್ಲದೆ, ಏನು ಹೇಳುವುದಿದ್ದರೂ ಮೊದಲು ಹೆಟ್ಟಿಯ ಕಡೆ ಮುಖ ತಿರುಗಿಸಿ ಆಮೇಲೆ ಬಾಯಿ ತೆರೆಯುತ್ತಿದ್ದರು. ಊರಲ್ಲಿ ಹಾಗೆ ಮಾಡುವವರು ಅವರಿಬ್ಬರೇ. ಇನ್ನು ಗೋಲ್ ಬಿದ್ದಾಗ ಏಳುವ ಗದ್ದಲದಲ್ಲಿ ಅಲ್ಲಿ ಎಲ್ಲರೂ ಕಿವುಡರೇ. ಯಾರು ಹೆಚ್ಚು ಯಾರು ಕಡಿಮೆ?

ಆ ವರ್ಷ ಟೌನ್ ತಂಡ ಮುಳುಗುವ ದೋಣಿಯಾಗಿತ್ತು. ಕೊನೆಯ ಸ್ಥಾನದಲ್ಲಿ ಉಳಿದವರು ಲೀಗಿನಿಂದಲೇ ಹೊರಗೆ. ಹಾಗೇನಾದರೂ ಆದರೆ ಮೈದಾನ ಮಾರಿಬಿಡುತ್ತೇವೆ, ಎರಡು ಬಸ್ ಬದಲಿಸಿ ಹೋಗಬೇಕಾದ ಊರಲ್ಲಿ ಬಾಡಿಗೆಗೆ ಆಡುತ್ತೇವೆ ಎಂದು ಮಾಲೀಕರು ಪತ್ರಿಕೆಯಲ್ಲೇ ಹಾಕಿಸಿದ್ದರು. ಅರ್ನಿಯ ಮಂಡಿ ಅಷ್ಟು ದೂರಕ್ಕೆ ಒಪ್ಪುವುದಿಲ್ಲ, ಸಿರಿಲ್‌ನ ಎದೆಯೂ ಒಪ್ಪುವುದಿಲ್ಲ. ಹೆಟ್ಟಿ ಆ ಪತ್ರಿಕೆಯನ್ನು ಓದಿ, ಮಡಚಿ, ಒಲೆ ಉರಿಸಲು ಇಟ್ಟಳು. ಆದರೆ ಉರಿಸಲಿಲ್ಲ.

ಕೊನೆಯ ಶನಿವಾರ ಬಂತು. ಆಟ ಶುರುವಾಗುವುದಕ್ಕೆ ಮೊದಲೇ ಸಿರಿಲ್ ಮೋಟುಗೋಡೆಯ ಮೇಲೆ ಪೆಪ್ಪರ್‌ಮಿಂಟು ಜೋಡಿಸಿ ಲೆಕ್ಕ ಬಿಡಿಸಲು ನಿಂತ.

"ನೋಡಿಲ್ಲಿ. ಇದು ನಾವು, ಇದು ಸ್ಟೋನ್‌ಬರಿ. ಇಬ್ಬರಿಗೂ ಸಮ ಸಮ ಪಾಯಿಂಟು. ಗೋಲಿನ ಲೆಕ್ಕದಲ್ಲಿ ಮಾತ್ರ ನಾವು ಒಂದು ಕೂದಲು ಮುಂದೆ. ನಾವು ಡ್ರಾ ಮಾಡಿ ಅವರೂ ಡ್ರಾ ಮಾಡಿದ್ರೆ ನಾವು ಉಳ್ಕೊಂಡ್ವಿ. ನಾವು ಡ್ರಾ ಮಾಡಿ ಅವರು ಗೆದ್ರೆ, ನಾವು ಹೊರಗೆ."

"ನಾವು ಸೋತ್ರೆ?" ಅಂದ ಅರ್ನಿ.

"ಸೋತ್ರೆ ಅನ್ನೋ ಮಾತು ಎತ್ತಬೇಡ ಮಾರಾಯ. ನಿನ್ನ ಬಾಯಿ ಒಳ್ಳೇದಲ್ಲ."

"ಹೋದ ವಾರ ಗೋಲ್ ಬಿಟ್ಟಿದ್ದು ನನ್ನ ಬಾಯಾ? ನಮ್ಮ ಗೋಲ್‌ಕೀಪರು. ನಿನ್ನ ಅಂಗಡಿ ಕೊಬ್ಬೆಲ್ಲ ಕೈಗೆ ಸವರ್ಕೊಂಡಿದ್ರೂ ಅಷ್ಟು ಜಾರ್ತಿರಲಿಲ್ಲ."

"ನನ್ನ ಅಂಗಡಿ ಸುದ್ದಿಗೆ ಬರಬೇಡ. ಇವತ್ತು ಬಂದಿರೋ ವೆಲ್‌ಹ್ಯಾಮಿನವರು ಯಾರು ಹೇಳು? ಮೇಲಿನ ದರ್ಜೆಗೆ ಏರೋಕೆ ಅವರಿಗೆ ಬೇಕಾಗಿರೋದು ಒಂದೇ ಪಾಯಿಂಟು. ಅವರಿಗೂ ಡ್ರಾ ಸಾಕು."

ಹೆಟ್ಟಿ ಪೆಪ್ಪರ್‌ಮಿಂಟೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. "ಹಾಗಾದ್ರೆ ಮದುವೆ ಮನೆ ಬೀಗರ ಹಾಗೆ, ನೀವು ಮೊದ್ಲು ನೀವು ಮೊದ್ಲು ಅಂತ ಬಾಗಿಲಲ್ಲೇ ನಿಂತ್ಕೊಳ್ತಾರೆ ಬಿಡು," ಅಂದಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯದು. ಮುಂದಿನ ಮೂರು ಸಾಲಿನವರು ತಿರುಗಿ ನಕ್ಕರು.

"ಹುಡುಗಿ, ನೀನು ತಿಂದಿದ್ದು ಸ್ಟೋನ್‌ಬರಿಯನ್ನ," ಅಂದ ಸಿರಿಲ್. "ನಿನ್ನ ಹೊಟ್ಟೆ ತಣ್ಣಗಿರಲಿ."

ಅರವತ್ತೈದು ವರ್ಷದವಳನ್ನು ಹುಡುಗಿ ಎನ್ನುವವನೂ ಊರಲ್ಲಿ ಅವನೊಬ್ಬನೇ.

ಆಟ ಅವಳು ಹೇಳಿದ ಹಾಗೇ ನಡೆಯಿತು. ಮೊದಲ ಅರ್ಧದಲ್ಲಿ ಅವರೊಂದು ಇವರೊಂದು ಹೊಡೆದರು. ಆಮೇಲೆ ಇಬ್ಬರಿಗೂ ಕಾಲು ಭಾರವಾಯಿತು. ಚೆಂಡು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಸ್ಟೋನ್‌ಬರಿಯಲ್ಲಿ ಇನ್ನೂ ಒಂದೂ ಗೋಲ್ ಇಲ್ಲ ಎಂದು ಅರ್ನಿ ಐದೈದು ನಿಮಿಷಕ್ಕೆ ಸಾರುತ್ತಿದ್ದ; ಅವನ ಮಾತು ಸಾಲಿನಿಂದ ಸಾಲಿಗೆ ಇಳಿದು ಹೋಗುತ್ತಿತ್ತು. ಸಿರಿಲ್ ಆಗಲೇ ಮುಂದಿನ ವರ್ಷದ ಮಾತು ತೆಗೆದಿದ್ದ. "ಬರೋ ಆಗಸ್ಟಿಗೆ ಈ ಗೋಡೆಗೆ ಸುಣ್ಣ ಹೊಡೆಸ್ಬೇಕು ಕಣ್ರೋ," ಅನ್ನುತ್ತಿದ್ದ.

ಇನ್ನು ಎಂಟು ನಿಮಿಷ ಉಳಿದಿರುವಾಗ ಅರ್ನಿಯ ಮುಖ ಬಿಳುಚಿತು. ಅವನು ಹೆಟ್ಟಿಯ ಕಡೆಯಿಂದ ಮುಖ ಆಚೆ ತಿರುಗಿಸಲಿಲ್ಲ. ಅದೇ ಅವನು ಮಾಡಿದ ತಪ್ಪು. ಸದ್ದಿಲ್ಲದೆ, ತನ್ನಷ್ಟಕ್ಕೆ, ತುಟಿ ಮಾತ್ರ ಅಲುಗಿಸಿದ. 'ಅಯ್ಯೋ ದೇವರೇ, ಸ್ಟೋನ್‌ಬರಿ ಹೊಡೀತು.'

"ಏನಂತೆ?" ಸಿರಿಲ್ ಕೇಳಿದ.

ಅರ್ನಿ ಸಿರಿಲ್‌ನ ಕೆಂಪಾದ ಮುಖ ನೋಡಿದ, ಎದೆಯ ಮೇಲೆ ಇಟ್ಟುಕೊಂಡ ಕೈ ನೋಡಿದ. "ಏನೂ ಇಲ್ಲ. ಹಾಗೇ ಇದೆ," ಅಂದ.

ಹಾಗೇ ಇದೆ, ಹಾಗೇ ಇದೆ ಎಂದು ಸುದ್ದಿ ಕೆಳಗಿಳಿಯಿತು. ಮೈದಾನದಲ್ಲಿ ಟೌನಿನ ಹುಡುಗರು ಚೆಂಡನ್ನು ಮೂಲೆಗೆ ಒಯ್ದು ಕಾಲಡಿ ಇಟ್ಟುಕೊಂಡು ನಿಂತರು, ಹೊತ್ತು ಕಳೆಯಲು.

ಈಗ ಹೆಟ್ಟಿಯ ಎದೆ ಮಗ್ಗದ ಹಾಗೆ ಕುಟ್ಟತೊಡಗಿತು. ಅರ್ನಿ ಯಾಕೆ ಸುಳ್ಳು ಹೇಳಿದನೆಂದು ಅವಳಿಗೆ ಗೊತ್ತು. ಸಿರಿಲ್ ಇನ್ನೆಂಟು ನಿಮಿಷವಾದರೂ ಸುಖವಾಗಿರಲಿ ಎಂದು. ಆದರೆ ಹೀಗೆ ನಿಂತರೆ ಎಲ್ಲ ಮುಗಿಯಿತು. ಇನ್ನೊಂದು ಗೋಲ್ ಬೇಕೆಂದು ಆ ಹುಡುಗರಿಗೆ ಯಾರಾದರೂ ಹೇಳಬೇಕು. ಇಲ್ಲಿ ಕೂಗಿದರೆ ಸಿರಿಲ್ ಕುಸಿಯುತ್ತಾನೆ. ಮೈದಾನದ ಆಚೆ ಬದಿಯ ಬೆಂಚಿನಲ್ಲಿ ತಂಡದ ಮ್ಯಾನೇಜರು ಕೂತಿದ್ದ. ಅವನ ಪಕ್ಕದಲ್ಲಿ, ಟವೆಲ್ಲಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಆಟಗಾರರ ಬಟ್ಟೆ ಒಗೆಯುವ ಹೆಂಗಸು ಕೂತಿದ್ದಳು. ಆ ಹೆಂಗಸೇ ಕ್ಲಾರಿಸ್.

ಮಿಲ್ಲು ಮುಚ್ಚಿ ಈ ಕೆಲಸಕ್ಕೆ ಸೇರಿದ ಐದು ವರ್ಷದಿಂದ ಪ್ರತಿ ಶನಿವಾರ ಕ್ಲಾರಿಸ್ ಎಲ್ಲ ಕಡೆ ನೋಡುತ್ತಿದ್ದಳು, ಈ ಮೆಟ್ಟಿಲ ಕಡೆ ಮಾತ್ರ ನೋಡುತ್ತಿರಲಿಲ್ಲ.

ಮಗ್ಗದಲ್ಲಿ ಹಾಸು ನೂಲು ಗೊಂಚಲಾಗಿ ಕಡಿದು ಹೋದಾಗ ನೇಕಾರಳು ಎರಡೂ ಮುಷ್ಟಿ ತಲೆಯ ಮೇಲೆತ್ತಿ ಕತ್ತರಿ ಹಾಕಿ ಹಿಡಿಯುತ್ತಿದ್ದಳು. ಅದನ್ನು ಕಂಡವರು ಬದ್ಧ ವೈರಿಯಾದರೂ ಓಡಿ ಬರಬೇಕು, ಇಲ್ಲವಾದರೆ ಇಡೀ ಬಟ್ಟೆ ಹಾಳು. ಹೆಟ್ಟಿ ಮೋಟುಗೋಡೆಯ ಮೇಲೆ ಹತ್ತಿ ನಿಂತು ಎರಡೂ ಮುಷ್ಟಿ ಎತ್ತಿ ಕತ್ತರಿ ಹಾಕಿದಳು. ಹುರುಪಿಗೆ ಹೀಗೆ ಮಾಡುತ್ತಿದ್ದಾಳೆಂದು ಹಿಂದಿನವರು ಚಪ್ಪಾಳೆ ತಟ್ಟಿದರು.

ಕ್ಲಾರಿಸಳ ಮನಸ್ಸಿಗೆ ಜಗಳ ನೆನಪಿದ್ದರೂ ಅವಳ ಕಣ್ಣಿಗೆ ನೆನಪಿರಲಿಲ್ಲ. ನಲವತ್ತು ವರ್ಷದ ಅಭ್ಯಾಸ. ಕತ್ತರಿ ಹಾಕಿದ ಮುಷ್ಟಿ ಕಂಡದ್ದೇ ತಲೆ ತಾನಾಗಿ ಇತ್ತ ತಿರುಗಿತು.

ಹೆಟ್ಟಿ ತುಟಿ ಅಗಲಿಸಿದಳು. 'ಸ್ಟೋನ್‌ಬರಿ ಗೆಲ್ತಿದೆ. ನಮಗೆ ಇನ್ನೊಂದು ಗೋಲ್ ಬೇಕು. ಹೇಳು.'

ಕ್ಲಾರಿಸ್ ಅಲುಗಲಿಲ್ಲ. ಬುಟ್ಟಿಯ ಮೇಲೆ ಕೈ ಹಾಗೇ ಇತ್ತು. ಆಮೇಲೆ ತಿರುಗಿ ಮ್ಯಾನೇಜರ ತೋಳು ಹಿಡಿದು ಎಳೆದಳು.

ಮ್ಯಾನೇಜರು ಗೆರೆಯವರೆಗೆ ಓಡಿ ಬಂದು ಎರಡೂ ಕೈ ಬೀಸಿದ. ಟೌನಿನ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡು ಹತ್ತೂ ಜನ ಮುಂದಕ್ಕೆ ನುಗ್ಗಿದರು. "ಏನು ಇವರಿಗೆ ಬುದ್ಧಿ ಕೆಟ್ಟಿದೆಯಾ, ನಿಲ್ಲಿ, ಅಲ್ಲೇ ನಿಲ್ಲಿ," ಎಂದು ಸಿರಿಲ್ ಬಡಬಡಿಸಿದ. ಒಂದು ಹೊಡೆತ ಕಂಬಕ್ಕೆ ಬಡಿದು ಹೊರಬಂತು. ಆ ಚೆಂಡು ವೆಲ್‌ಹ್ಯಾಮಿನವನೊಬ್ಬನ ಕಾಲಿಗೆ ಸಿಕ್ಕಿತು. ಅವನ ಮುಂದೆ ಅರ್ಧ ಮೈದಾನ ಖಾಲಿ. ಬೀಗರು ಬಾಗಿಲಲ್ಲಿ ನಿಂತಿದ್ದರು ನಿಜ, ಆದರೆ ಬಾಗಿಲು ಹಾರುಹೊಡೆದಿದ್ದರೆ ಒಳಗೆ ಬರುವುದಿಲ್ಲ ಅನ್ನುತ್ತಾರೆಯೇ? ಗೋಲ್. ವೆಲ್‌ಹ್ಯಾಮಿಗೆ ಎರಡು, ಟೌನಿಗೆ ಒಂದು.

ಅದೇ ಗಳಿಗೆಗೆ ಅರ್ನಿ ಟ್ರಾನ್ಸಿಸ್ಟರನ್ನು ಕಿವಿಯಿಂದ ತೆಗೆದು ಕೈಯಲ್ಲಿಟ್ಟುಕೊಂಡು ನೋಡಿದ.

"ಸ್ಟೋನ್‌ಬರಿ ಗೋಲ್ ಹೊಡೆದಿತ್ತು," ಅಂದ ಮೆಲ್ಲಗೆ. "ನಾನೇ ಹೇಳಿರ್ಲಿಲ್ಲ. ಈಗ ಅವರ ಎದುರಾಳಿಗಳೂ ಒಂದು ಹೊಡೆದಿದ್ದಾರೆ. ಅಲ್ಲಿ ಡ್ರಾ ಆಯ್ತು, ಮುಗೀತು."

ಸಿರಿಲ್ ಬೆರಳು ಮಡಚಿದ. "ಅಂದ್ರೆ ನಮ್ಮವರು ಸುಮ್ನೆ ನಿಂತಿದ್ರೆ?"

"ಉಳ್ಕೋತಿದ್ವಿ."

ಇಲ್ಲಿಯೂ ಆಟ ಮುಗಿದ ಸೀಟಿ ಊದಿದರು. ಸೋತದ್ದಕ್ಕಿಂತ ಹೆಚ್ಚಾಗಿ ಆ ಇಬ್ಬರೂ ಒಂದೇ ಮಾತು ಮೆಲುಕು ಹಾಕುತ್ತಾ ನಿಂತರು.

"ನಾನು ಬಾಯಿ ಬಿಟ್ಟಿಲ್ಲ," ಅಂದ ಅರ್ನಿ. "ಹಾಗಾದ್ರೆ ಬೆಂಚಿಗೆ ಹೋಗಿ ಊದಿದ್ದು ಯಾರು?"

"ಯಾವನೋ ಹೊಟ್ಟೆಗೆ ಅನ್ನ ತಿನ್ನದ ನನ್ಮಗ," ಅಂದ ಸಿರಿಲ್. "ಸಿಗ್ಲಿ ಅವನು. ಆಮೇಲೆ ನನ್ನ ಎದೆ ಒಡೆದ್ರೂ ಚಿಂತೆಯಿಲ್ಲ."

ಈ ಮಾತುಗಳನ್ನು ಅವರು ಹೆಟ್ಟಿಯ ಕಡೆ ಮುಖ ಮಾಡಿಯೇ ಆಡಿದರು, ಅಭ್ಯಾಸದಂತೆ. ಅವಳು ಒಂದಕ್ಷರವೂ ಬಿಡದೆ ಓದಿದಳು. ನಾನೇ ಅನ್ನಲು ಬಾಯಿ ತೆರೆದಳು, ಪೆಪ್ಪರ್‌ಮಿಂಟಿನ ವಾಸನೆ ಮಾತ್ರ ಹೊರಬಂತು. ಜನ ಇಳಿಯತೊಡಗಿದರು. ಅರ್ನಿ ಅವಳ ಭುಜ ತಟ್ಟಿ ಹೋದ. ಸಿರಿಲ್ ಗೋಡೆಯ ಮೇಲೆ ಉಳಿದಿದ್ದ ಪೆಪ್ಪರ್‌ಮಿಂಟುಗಳನ್ನು ಜೇಬಿಗೆ ತುಂಬಿಕೊಂಡು ಹೋದ. ಅವಳಿಗೆ ಕಂಡದ್ದು ಬರೀ ಬೆನ್ನುಗಳು, ಬೆನ್ನಿನಲ್ಲಿ ಓದುವುದೇನಿದೆ?

ಆಚೆ ಬದಿಯಲ್ಲಿ ಕ್ಲಾರಿಸ್ ಒದ್ದೆ ಟವೆಲ್ಲುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಒಳಗೆ ಹೋಗುವ ಮೊದಲು ಒಂದು ಸಲ ಇತ್ತ ತಿರುಗಿದಳು. 'ಯಾರು ಹೇಳಿದ್ದು ಅಂತ ಕೇಳ್ತಿದ್ದಾರೆ,' ಅಂದಿತು ಅವಳ ತುಟಿ. 'ಹಿಂದಿನಿಂದ ಯಾರೋ ಕೂಗಿದ್ರು ಅಂದೆ.' ಹೆಟ್ಟಿ ಉತ್ತರ ಕೂಡಿಸುವಷ್ಟರಲ್ಲಿ ಅವಳು ಬುಟ್ಟಿ ಎತ್ತಿಕೊಂಡು ಹೋಗಿದ್ದಳು.

ಜೂನ್ ತಿಂಗಳಿಗೆ ಮೈದಾನದ ಗೇಟಿಗೆ ಸರಪಳಿ ಬಿತ್ತು. ಊರಿನ ಬಾಯಿ ಮಾತ್ರ ಮುಚ್ಚಲಿಲ್ಲ. ಸಿರಿಲ್‌ನ ಅಂಗಡಿಯಲ್ಲಿ ಸರದಿ ನಿಂತವರೆಲ್ಲ ಅದೇ ಪಂಚಾಯಿತಿ ಮಾಡುತ್ತಿದ್ದರು. ವೆಲ್‌ಹ್ಯಾಮಿನವರೇ ಗೂಢಚಾರನನ್ನು ಬಿಟ್ಟಿದ್ದರಂತೆ. ಅಲ್ಲವಂತೆ, ಮೈದಾನ ಮಾರಲು ಮಾಲೀಕರೇ ಮಾಡಿಸಿದ್ದಂತೆ. ಹೆಟ್ಟಿ ಒಂದು ತುಂಡು ಮಾಂಸಕ್ಕೆ ಅರ್ಧ ಗಂಟೆ ನಿಂತು ಎಲ್ಲರ ತುಟಿ ಓದಿ ಬರುತ್ತಿದ್ದಳು. ಸಿರಿಲ್ ಕತ್ತಿ ಮಸೆಯುತ್ತಾ ತಲೆ ತಗ್ಗಿಸಿಯೇ ಮಾತಾಡುತ್ತಿದ್ದ. ಅಂಗಡಿಯಲ್ಲಿ ಅವನ ಅಭ್ಯಾಸ ಬೇರೆ. ಅರ್ನಿಯನ್ನು ಅವಳು ಮತ್ತೆ ನೋಡಲಿಲ್ಲ. ಅವನ ಮನೆ ಎಲ್ಲಿ ಎಂದು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಜುಲೈಯ ಒಂದು ಮಂಗಳವಾರ, ಮೋಡ ಕವಿದ ಬೆಳಿಗ್ಗೆ, ಅವಳು ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ರಸ್ತೆಯ ಆಚೆಯ ನಿಲ್ದಾಣದಲ್ಲಿ ಯಾರೋ ಎರಡು ಮುಷ್ಟಿ ತಲೆಯ ಮೇಲೆತ್ತಿ ಕತ್ತರಿ ಹಾಕಿದರು. ಹೆಟ್ಟಿಯ ತಲೆ ತಾನಾಗಿ ಎದ್ದಿತು. ಕ್ಲಾರಿಸ್.

'ನಿನ್ನ ಕೋಟಿನ ಮೇಲಿನ ಗುಂಡಿ ನೇತಾಡ್ತಿದೆ,' ಅಂದಳು ಕ್ಲಾರಿಸ್, ತುಟಿಯಲ್ಲೇ. 'ನೋಡ್ಕೋ, ಬಿದ್ದುಹೋಗತ್ತೆ.'

ಅಷ್ಟರಲ್ಲಿ ಅವಳ ಬಸ್ಸು ಬಂದು ನಡುವೆ ನಿಂತಿತು. ಬಸ್ಸು ಹೋದ ಮೇಲೆ ಆಚೆಯ ಬೆಂಚು ಖಾಲಿಯಿತ್ತು.

ಹೆಟ್ಟಿ ಗುಂಡಿ ಮುಟ್ಟಿ ನೋಡಿಕೊಂಡಳು. ಒಂದೇ ಎಳೆಯಲ್ಲಿ ನಿಂತಿತ್ತು. ಮನೆಗೆ ಹೋಗಿ ಸೂಜಿಗೆ ದಾರ ಪೋಣಿಸಿದಳು, ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು, ಸಂಜೆಯವರೆಗೆ ಹಾಗೇ ಕೂತಿದ್ದು ಸೂಜಿಯನ್ನು ಮತ್ತೆ ಡಬ್ಬಿಗೆ ಹಾಕಿದಳು.

ಮುಂದಿನ ಮಂಗಳವಾರ ಅದೇ ಕೋಟು ಹಾಕಿಕೊಂಡು, ಅದೇ ಗುಂಡಿ ನೇತಾಡಿಸಿಕೊಂಡು, ಅದೇ ಹೊತ್ತಿಗೆ ನಿಲ್ದಾಣಕ್ಕೆ ಹೋದಳು. ಆಚೆ ಯಾರೂ ಇರಲಿಲ್ಲ. ತನ್ನ ಬಸ್ಸು ಬಂದಾಗ ಹತ್ತಲಿಲ್ಲ, ಹೋಗು ಎಂದು ಡ್ರೈವರನಿಗೆ ಕೈ ಬೀಸಿ, ಆಚೆಯ ಬೆಂಚಿನ ಕಡೆ ಮುಖ ಮಾಡಿ ಕೂತೇ ಇದ್ದಳು.