ಒದ್ದೆ ಸದ್ದು

ಸದ್ದಿನಲ್ಲಿಯೂ ಒದ್ದೆ, ಒಣ ಎಂದು ಎರಡು ಜಾತಿ ಇವೆ ಎಂಬುದು ನನಗೆ ತಿಳಿದದ್ದು ಅಮೆರಿಕದ ಪ್ಲೇನೋ ಎಂಬ ಊರಿನಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ, ಅದೂ ಎಪ್ಪತ್ತು ದಾಟಿದ ಮೇಲೆ. ಒಗೆದ ಬಟ್ಟೆ ಒದ್ದೆ, ನೆನೆಸಿದ ಉದ್ದು ಒದ್ದೆ. ಸದ್ದು ಹೇಗೆ ಒದ್ದೆಯಾಗುತ್ತದೆ ಎಂದು ಕೇಳಿದ್ದಕ್ಕೆ ಮೊಮ್ಮಗಳು ಸಿರಿ ಗಿಟಾರಿನ ಒಂದು ತಂತಿ ಮೀಟಿದಳು. ಟಣ್ ಎಂದು ಸುಮ್ಮನಾಯಿತು. "ದಿಸ್ ಈಸ್ ಡ್ರೈ, ಅಜ್ಜಿ." ಆಮೇಲೆ ಪಕ್ಕದ ಪೆಟ್ಟಿಗೆಯ ಗುಂಡಿ ತಿರುಗಿಸಿ ಅದೇ ತಂತಿ ಮೀಟಿದಳು. ಈ ಸಲ ಸದ್ದು ಬಾವಿಗೆ ಬಿದ್ದ ಕೊಡದ ಹಾಗೆ ಗೋಡೆಗೆಲ್ಲ ತಾಗಿ, ನಡುಗಿ, ನೀರು ತೊಟ್ಟಿಕ್ಕಿಸುತ್ತ ಮೇಲೆ ಬಂತು. "ದಿಸ್ ಈಸ್ ವೆಟ್." ಹೌದು, ಒದ್ದೆಯೇ. ಒಪ್ಪಿಕೊಂಡೆ.

ನಾನು ಓದಿದ್ದು ಮೂರನೆಯ ಕ್ಲಾಸು. ಮೈಸೂರಿನಲ್ಲಿ ನಾನೂ ನಮ್ಮ ಯಜಮಾನರೂ ಹಿಟ್ಟಿನ ಗಿರಣಿ ನಡೆಸುತ್ತಿದ್ದೆವು. ರಾಗಿ ಬೀಸುವ ಸದ್ದಿನಲ್ಲೇ ಮದುವೆಯಾದ ಹೊಸತು ಕಳೆದವಳಿಗೆ ಗಿಟಾರು ಏನು ಮಾಡೀತು? ಮನೆಯವರೆಲ್ಲ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಮನೆಯೊಳಗಿದ್ದರೆ ನಾನು ಗ್ಯಾರೇಜಿನಲ್ಲೇ ಕುರ್ಚಿ ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಆದ್ದರಿಂದ ಸಿರಿ ಮತ್ತು ಅವಳ ಗೆಳತಿಯರ ರೆಕಾರ್ಡು ಹೇಗಾಯಿತು ಎಂದು ಹೇಳಲು ನನಗಿಂತ ತಕ್ಕವರು ಟೆಕ್ಸಸ್ಸಿನಲ್ಲಿ ಇಲ್ಲ. ಜಂಬ ಎನ್ನುತ್ತೀರಾ? ಜಂಬವೇ.

ಸರ್ಫ್ ಸಂಗೀತ ಎಂದರೆ ಅಲೆಯ ಸಂಗೀತ. ಅರವತ್ತು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಕಡಲ ತಡಿಯಲ್ಲಿ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡುತ್ತಿದ್ದ ಹುಡುಗರಿಗಾಗಿ ಹುಟ್ಟಿದ್ದಂತೆ. ಸಿರಿಯ ಗುಂಪಿಗೆ ಅದರಲ್ಲೂ ಮೊಟ್ಟಮೊದಲಿನವರು ಬಾರಿಸಿದ ರೀತಿಯೇ ಬೇಕು. ಮಾತಿಲ್ಲ, ಬರೀ ವಾದ್ಯ. ನನಗೆ ಇದೇ ಅನುಕೂಲ. ಇಂಗ್ಲಿಷು ತಿಳಿಯಲಿಲ್ಲ ಎಂಬ ಕೊರಗಿಲ್ಲ. ಅಲ್ಲಿ ನಾನೂ ಒಂದೇ, ಡಾಕ್ಟರ್ ಓದಿದವರೂ ಒಂದೇ. ಆ ಒದ್ದೆ ಮಾಡುವ ಪೆಟ್ಟಿಗೆಯೊಳಗೆ ಉದ್ದುದ್ದ ಸ್ಪ್ರಿಂಗುಗಳಿವೆ. ಗಿಟಾರಿನ ಸದ್ದು ಅವುಗಳ ಮೇಲೆ ಓಡಿ, ಜೋಲಿ ಹೊಡೆದು, ಹೊರಗೆ ಬರುತ್ತದೆ. ಅಷ್ಟೇ ಗುಟ್ಟು. ಕಡಲು ಎಂದರೆ ಒಂದು ಪೆಟ್ಟಿಗೆ ಸ್ಪ್ರಿಂಗು.

ನಿಜವಾದ ಕಡಲು ಪ್ಲೇನೋದಿಂದ ಬಹಳ ದೂರ. ಒಮ್ಮೆ ಹ್ಯೂಸ್ಟನ್ನಿನಲ್ಲಿರುವ ನನ್ನ ತಂಗಿಯ ಮನೆಗೆ ಹೋದಾಗ ಅವಳ ಮಗ ನಮ್ಮನ್ನು ಸಮುದ್ರಕ್ಕೆ ಕರೆದೊಯ್ದ. ನೀರು ರಾಗಿ ಅಂಬಲಿಯ ಬಣ್ಣ. ಅಲೆ ಮೊಣಕಾಲಿಗೂ ಬರಲಿಲ್ಲ. ಸಿರಿ ಚಪ್ಪಲಿ ಕೈಯಲ್ಲಿ ಹಿಡಿದು ದಡದಲ್ಲೇ ನಿಂತಿದ್ದಳು.

"ಇಳಿಯೇ, ನಿನ್ನ ಅಲೆ ಬಂದಿದೆ," ಎಂದೆ.

"ಐ ಕಾಂಟ್ ಸ್ವಿಮ್, ಅಜ್ಜಿ. ಯು ನೋ ದಟ್."

"ಈಜು ಬರದವಳು ಅಲೆ ಬಾರಿಸ್ತೀಯ?"

"ನೀನು ಬೀಸಿದ ರಾಗಿ ಎಲ್ಲಾ ನೀನೇ ಬೆಳೆದಿದ್ಯಾ?" ಎಂದಳು, ಕನ್ನಡದಲ್ಲಿ. ನನ್ನ ಬಾಯಿ ಮುಚ್ಚಿಸುವಾಗ ಮಾತ್ರ ಅವಳಿಗೆ ಚೊಕ್ಕ ಕನ್ನಡ ಬರುತ್ತದೆ.

ಗುಂಪಿನಲ್ಲಿ ಮೂವರು. ಗಿಟಾರಿಗೆ ಸಿರಿ, ಬೇಸ್ ಗಿಟಾರಿಗೆ ಅವಳ ಕ್ಲಾಸಿನ ಟೀನಾ, ಡ್ರಮ್ಮಿಗೆ ಹತ್ತಿರದ ಊರು ಫಾರ್ಮರ್ಸ್ ಬ್ರಾಂಚಿನ ರೋಸಾ. ರೋಸಾಳ ಮನೆಮಾತು ಸ್ಪ್ಯಾನಿಷ್. ನನ್ನ ಹೆಸರೇ ಅಜ್ಜಿ ಎಂದು ತಿಳಿದಿದ್ದ ಆ ಹುಡುಗಿ ನನ್ನನ್ನು "ಮಿಸ್ ಅಜ್ಜಿ" ಎಂದು ಕರೆಯುತ್ತಿದ್ದಳು. ಮರ್ಯಾದೆ ಕಡಿಮೆಯಾಗದ್ದರಿಂದ ನಾನೂ ತಿದ್ದಲಿಲ್ಲ. ಡಿಸೆಂಬರಿನಲ್ಲಿ ಅವಳಪ್ಪನಿಗೆ ಬೇರೆ ಊರಿಗೆ ವರ್ಗವಾಗುವುದಿತ್ತು. ಅಷ್ಟರೊಳಗೆ ಆದರೆ ರೆಕಾರ್ಡು, ಇಲ್ಲವಾದರೆ ಗುಂಪೇ ಇಲ್ಲ. ಆಸ್ಟಿನ್ನಿನಲ್ಲಿ ಬಿಲ್ ಎಂಬ ಜುಟ್ಟಿನ ಮುದುಕ ಹಳೆಯ ಕಾಲದ ಟೇಪಿನ ಮೇಲೆ ಮುದ್ರಿಸಿಕೊಡುತ್ತಾನೆ. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ಬಾರಿಸಬೇಕು. ತಪ್ಪಿದರೆ ಕಂಪ್ಯೂಟರಿನಲ್ಲಿ ತೇಪೆ ಹಾಕುವಂತಿಲ್ಲ. ಅವನಿಗೆ ಬಿಡುವಿದ್ದದ್ದು ಅಕ್ಟೋಬರಿನ ಒಂದೇ ಒಂದು ಶನಿವಾರ.

ಆ ಶನಿವಾರ ವಿಜಯದಶಮಿ. ಹಿಂದಿನ ದಿನ ಏನೆಂದು ನಿಮಗೆ ಗೊತ್ತೇ ಇದೆ.

ನನ್ನ ಅಳಿಯ ಶ್ರೀಧರ್ ಲಾಸ್ ಕೊಲಿನಾಸ್ ಎಂಬಲ್ಲಿ ಆಫೀಸಿನ ಕೆಲಸಕ್ಕಿದ್ದಾರೆ. ಒಳ್ಳೆಯವರು, ಆದರೆ ಆ ಗ್ಯಾರೇಜಿನ ಕಡೆ ನೋಡಿದರೆ ಹಲ್ಲುನೋವು ಬಂದವರ ಮುಖ. "ಇದರಿಂದ ಕಾಲೇಜ್ ಅಡ್ಮಿಶನ್ನಿಗೆ ಏನಾದ್ರೂ ಯೂಸ್ ಇದೆಯಾ ಅತ್ತೆ?" ಎಂದು ನನ್ನನ್ನು ಕೇಳುತ್ತಿದ್ದರು, ಅಡ್ಮಿಶನ್ ಕೊಡುವವಳು ನಾನೇ ಎಂಬಂತೆ. ಆ ಶುಕ್ರವಾರ ಬೆಳಿಗ್ಗೆ ಮಡಿ ಪಂಚೆ ಉಟ್ಟು ಕಾರುಗಳಿಗೆ ಪೂಜೆ ಮಾಡಿದರು. ಚಕ್ರದಡಿ ನಿಂಬೆಹಣ್ಣು ಇಟ್ಟರು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರು. ಏನನ್ನಿಸಿತೋ, ಯಾರೂ ಹೇಳದೆ ಗಿಟಾರು, ಡ್ರಮ್ಮು, ಆ ಪೆಟ್ಟಿಗೆ ಎಲ್ಲವನ್ನೂ ಸಾಲಾಗಿ ಜೋಡಿಸಿ, ಸೇವಂತಿಗೆ ಏರಿಸಿ, ಅರಿಶಿನದ ಅಕ್ಷತೆಯನ್ನು ಕೈತುಂಬ ಹಾಕಿದರು. ಅಳಿಯನಿಗೆ ಮಗಳ ವಾದ್ಯದ ಮೇಲೆ ಕೈ ಇಡಲು ಒಂದು ಹಬ್ಬ ಬೇಕಾಯಿತು. ಇರಲಿ, ಇಟ್ಟರಲ್ಲ.

ಸಂಜೆ ಕೊನೆಯ ಪ್ರಾಕ್ಟೀಸಿಗೆ ಮೂವರೂ ಬಂದರು. ಸಿರಿ ಗಿಟಾರಿನ ಹೂವು ತೆಗೆಯಲು ಕೈ ಚಾಚಿದ್ದೇ ತಡ, ಅಳಿಯ ಓಡಿ ಬಂದರು. "ಮುಟ್ಟಬೇಡ ಪುಟ್ಟಿ! ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆವರೆಗೂ ಎತ್ತೋ ಹಾಗಿಲ್ಲ."

"ಅಪ್ಪಾ! ರೆಕಾರ್ಡಿಂಗ್ ಈಸ್ ಟುಮಾರೋ! ನೀವು ಲ್ಯಾಪ್‌ಟಾಪ್ ತಗೊಂಡ್ರಲ್ಲ? ಐ ಸಾ ಯು!"

ತೆಗೆದುಕೊಂಡದ್ದು ನಿಜ. ಮೀಟಿಂಗ್ ಇತ್ತು. ಅಳಿಯ ನನ್ನ ಮುಖ ನೋಡಿದರು, ಸಿರಿಯೂ ನೋಡಿದಳು. ನಮ್ಮ ಗಿರಣಿಗೂ ವರ್ಷಕ್ಕೊಂದು ಸಲ ಪೂಜೆಯಾಗುತ್ತಿತ್ತು. ಹಿಟ್ಟಿಗೆ ಬಂದವರು ಎಷ್ಟು ಗೊಣಗಿದರೂ ಕಲ್ಲು ತಿರುಗುತ್ತಿರಲಿಲ್ಲ.

"ನಿಮ್ಮಪ್ಪಂದು ಕೂಲಿ, ನಿಂದು ವಿದ್ಯೆ," ಎಂದೆ. "ಕೂಲಿಗೆ ವಿನಾಯಿತಿ ಉಂಟು, ವಿದ್ಯೆಗಿಲ್ಲ. ಒಂದು ದಿನ ಮುಟ್ಟದಿದ್ರೆ ಮರೆತುಹೋಗತ್ತೆ ಅಂದ್ರೆ ನೀವು ಕಲಿತೇ ಇಲ್ಲ ಅಂತ."

ಸಿರಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ದೋಸೆ ಹುಯ್ದೆ. ಊಟದ ಮೇಜಿನ ಸುತ್ತ ಮೂವರೂ ಮುಖ ಊದಿಸಿಕೊಂಡು ಕೂತಿದ್ದಾಗ ರೋಸಾ ಬೆರಳಿನಿಂದ ಮೇಜನ್ನು ಕುಟ್ಟುತ್ತ ಬಾಯಲ್ಲೇ ತನ್ನ ಡ್ರಮ್ಮು ನುಡಿದಳು: ಡುಗುಡುಗು ಡುಂ. ಟೀನಾ ಬೇಸಿನ ಪಾಲನ್ನು ಗಂಟಲಿನಿಂದ ಎತ್ತಿಕೊಂಡಳು. ಸಿರಿ ಮೂಗು ಒರೆಸಿಕೊಂಡು ಡಿಗಿಡಿಗಿಡಿಗಿ ಎಂದು ಸೇರಿದಳು. ರೆಕಾರ್ಡಿಗೆಂದಿದ್ದ ಎಂಟೂ ಹಾಡು ಬಾಯಲ್ಲೇ ಆಯಿತು. ಆಮೇಲೆ ಒಬ್ಬಳ ಪಾಲನ್ನು ಇನ್ನೊಬ್ಬಳು ನುಡಿದು ಅಣಕಿಸುವ ಆಟ ಶುರುವಾಯಿತು. ವಾದ್ಯ ಕೈಯಲ್ಲಿದ್ದಾಗ ಪ್ರತಿಯೊಬ್ಬಳಿಗೂ ತನ್ನದೇ ಕೇಳುತ್ತಿತ್ತು. ಅಂದು ಮೂವರಿಗೂ ಮೂರೂ ಕೇಳಿತು. ಇದನ್ನು ನಾನು ಮೊದಲೇ ತಿಳಿದು ಹೇಳಿದೆ ಎಂದುಕೊಳ್ಳಬೇಡಿ. ನಾನು ಹೇಳಿದ್ದು ಹಟಕ್ಕೆ.

ಬೆಳಿಗ್ಗೆ ಆರತಿ ಆದ ಮೇಲೆ ಅಳಿಯ ತಾವೇ ಗಿಟಾರು ಎತ್ತಿ ಸಿರಿಯ ಕೈಗೆ ಕೊಟ್ಟರು. ಮನೆಯಿಂದಲೇ ಆಫೀಸಿನ ಕೆಲಸವಿದ್ದದ್ದರಿಂದ ಅವರು ಬರಲಿಲ್ಲ. ನನ್ನ ಮಗಳು ಲತಾ ವ್ಯಾನು ಡ್ರೈವ್ ಮಾಡಿದಳು. ದೊಡ್ಡವರ ಲೆಕ್ಕಕ್ಕೆ ನಾನೂ ಹೊರಟೆ, ಮೊಸರನ್ನದ ಡಬ್ಬಿಯ ಜೊತೆ.

ಆಸ್ಟಿನ್ನಿನಲ್ಲಿ ಮೊದಲ ಹಾಡಿನ ಮೊದಲ ತಂತಿಗೇ ಪೆಟ್ಟಿಗೆ "ಚರ್ರ್" ಎಂದಿತು. ಕಡಲಲ್ಲ, ಒಗ್ಗರಣೆ. ಬಿಲ್ ಅದನ್ನು ಬಿಚ್ಚಿ ಮಗುಚಿದ. ಹಳದಿ ಅಕ್ಕಿ ಉದುರಿತು.

"ವಾಟ್ ಈಸ್ ದಿಸ್?"

"ಮೈ ಡ್ಯಾಡ್ಸ್ ಬ್ಲೆಸಿಂಗ್," ಎಂದಳು ಸಿರಿ. ರೋಸಾ ನೆಲದ ಮೇಲೆ ಬಿದ್ದು ನಕ್ಕಳು. ಸಿರಿ ನಗಲಿಲ್ಲ.

ಕೊಡವಿದಷ್ಟು ಅಕ್ಕಿ ಬಂತು. ಒಂದು ಕಾಳು ಮಾತ್ರ ಸ್ಪ್ರಿಂಗಿನ ಕೊಕ್ಕೆ ಸೇರುವ ಸಂದಿಯಲ್ಲಿ ಕೂತಿತ್ತು. ಅದನ್ನು ಕೀಳಲು ಹೋದರೆ ಕೂದಲೆಳೆಯಂಥ ತಂತಿಯೇ ಹರಿಯಬಹುದು ಎಂದ ಬಿಲ್. ತನ್ನ ಬೇರೊಂದು ಪೆಟ್ಟಿಗೆ ಕೊಟ್ಟ. ಅದು ಇನ್ನಾರದೋ ದನಿಯಲ್ಲಿ ಮಾತಾಡಿತು, ಮೂವರೂ ಬೇಡವೆಂದು ತಲೆಯಾಡಿಸಿದರು. ಹೊತ್ತು ಮಧ್ಯಾಹ್ನಕ್ಕೆ ಬಂದಿತ್ತು.

"ಅಜ್ಜಿ, ಏನ್ ಮಾಡ್ಲಿ?"

"ನನ್ನನ್ನೇನು ಕೇಳ್ತೀಯ? ಬಾರಿಸೋಳು ನೀನು."

ಸಿರಿ ಹಳೆಯ ಪೆಟ್ಟಿಗೆಯನ್ನೇ ಮುಚ್ಚಿಸಿ ಗಿಟಾರು ಹೆಗಲಿಗೇರಿಸಿದಳು. ಆಮೇಲೆ ಆ ಮೂವರು ಬಾರಿಸಿದ್ದನ್ನು ನಾನು ಹೇಗೆ ಹೇಳಲಿ? ಒಬ್ಬಳು ಉಸಿರೆಳೆದರೆ ಉಳಿದಿಬ್ಬರಿಗೆ ಗೊತ್ತಾಗುತ್ತಿತ್ತು. ರೋಸಾಳ ತುಟಿ ಟೀನಾಳ ಪಾಲನ್ನು ನುಡಿಯುತ್ತಿತ್ತು. ಕಾಳು ಎಲ್ಲೋ ಒತ್ತಿಕೊಂಡು ಸುಮ್ಮನಿತ್ತು. ಐದನೆಯ ಹಾಡಿನಲ್ಲಿ, ಅಲೆ ಎದ್ದು ನಿಂತು ಮುರಿಯುವ ಜಾಗದಲ್ಲಿ, ಒಂದೇ ಒಂದು ಸಲ "ಚರ್ರ್" ಎಂದಿತು, ನೀರು ಹಿಂದೆ ಸರಿಯುವಾಗ ದಡದ ಮರಳು ಉರುಳಿದ ಹಾಗೆ. ಮತ್ತೊಮ್ಮೆ ಬಾರಿಸುತ್ತೀರಾ ಎಂದು ಬಿಲ್ ಕೇಳಿದ. ಸಿರಿ ಬೇಡವೆಂದಳು. ನಾನು ಕೂತಲ್ಲೇ ಸೆರಗು ಕೊಡವಿಕೊಂಡು ಬೆನ್ನು ನೆಟ್ಟಗೆ ಮಾಡಿದೆ. ಇವಳು ನನ್ನ ಮೊಮ್ಮಗಳು ಎಂದು ಬಿಲ್‌ಗೆ ಕನ್ನಡದಲ್ಲೇ ಹೇಳಿದೆ. ಅವನು ಹೌದು ಹೌದು ಎಂದ.

ರೆಕಾರ್ಡಿನ ಕಪ್ಪು ತಟ್ಟೆ ಮನೆಗೆ ಬಂದ ದಿನ ಅಳಿಯ ಸೋಫಾದ ತುದಿಯಲ್ಲಿ ಕೂತು ಎಂಟೂ ಹಾಡು ಕೇಳಿದರು. ಐದನೆಯದರಲ್ಲಿ ಹುಬ್ಬೇರಿಸಿ, "ಏನದು?" ಎಂದರು. ಸಿರಿ ಹೇಳಿದಳು. ಅಳಿಯನ ಮುಖ ಸಣ್ಣದಾಯಿತು. "ಹಾಳು ಮಾಡ್ಬಿಟ್ನಾ?" ಎಂದರು, ಬಹಳ ಮೆಲ್ಲಗೆ.

"ನೋ, ಅಪ್ಪಾ. ಬೇಕಂತಲೇ ಬಿಟ್ಟೆ."

ಈಗ ಮನೆಗೆ ಯಾರೇ ಅಂಕಲ್ ಆಂಟಿಯರು ಬರಲಿ, ಕಾಫಿಗೆ ಮೊದಲು ತಟ್ಟೆ ತಿರುಗುತ್ತದೆ. ಅಡ್ಮಿಶನ್ ಮಾತು ಯಾರೂ ಎತ್ತುವುದಿಲ್ಲ. ಅಳಿಯ ಬೆರಳೆತ್ತಿ, "ಬಂತು, ಬಂತು... ಹಾಂ! ಇದು ನಂದು," ಎನ್ನುತ್ತಾರೆ. ಬಂದವರಿಗೆ ಏನೂ ಅರ್ಥವಾಗುವುದಿಲ್ಲ, ಆದರೂ ತಲೆದೂಗುತ್ತಾರೆ. ನಾನು ನಗುವುದಿಲ್ಲ. ಮಕ್ಕಳು ಮಾಡಿದ ಕೆಲಸದಲ್ಲಿ ದೊಡ್ಡವರ ಪಾಲು ಅಷ್ಟೇ ಇದ್ದರೆ ಚೆಂದ: ಇದೆ ಎಂದು ಒಂದು ಸಲ ಕೇಳಿಸಬೇಕು, ಹಾಡು ಮುಂದೆ ಹೋಗಬೇಕು.