ವೈದ್ಯರ ದ್ವೀಪದ ಬಸ್ಸು

ಆ ಪ್ರವಾಸಕ್ಕೆ ನನ್ನ ಗಂಡನನ್ನು ಹೊರಡಿಸಿದವಳು ನಾನೇ. ಬಸ್ಸಿನಲ್ಲಿ ಎರಡು ಸೀಟು ಹಿಡಿಸಿದವಳು ನಾನು. ಬೆಳಗ್ಗೆ ಬೇಗ ಎಬ್ಬಿಸಿ, ಹ್ಯಾಟು ಕೈಗೆ ಕೊಟ್ಟು, ಹೋಟೆಲಿನ ಮುಂದೆ ತಂದು ನಿಲ್ಲಿಸಿದವಳೂ ನಾನೇ. ಅವರು ಮಾತಾಡದೆ ಬಂದರು. ಆ ಹೊತ್ತಿಗಾಗಲೇ ಅವರು ಯಾವುದಕ್ಕೂ ಬೇಡ ಅನ್ನುವುದನ್ನು ಬಿಟ್ಟಿದ್ದರು, ಬೇಕು ಅನ್ನುವುದನ್ನೂ.

ಮೊದಲಿನಿಂದ ಹಾಗಿದ್ದವರಲ್ಲ. ನಾವಿಬ್ಬರೂ ಮೈಸೂರಿನ ಕ್ರೈಸ್ತ ಮನೆತನದವರು. ಎಪ್ಪತ್ತರ ದಶಕದ ಮೊದಲಲ್ಲಿ ಅವರಿಗೆ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ನಮಗೆ ಗೊತ್ತಿದ್ದ ಕನ್ನಡದ ಡಾಕ್ಟರುಗಳ ಮನೆಗಳು ಅಲ್ಲಿ ಆಗ ನಾಲ್ಕೋ ಐದೋ. ಭಾನುವಾರ ನಾವು ಚರ್ಚು ಮುಗಿಸಿ ಬರುವಷ್ಟರಲ್ಲಿ ಯಾರದಾದರೂ ಹಿತ್ತಲಿನಲ್ಲಿ ಬಾರ್ಬಿಯ, ಅಂದರೆ ಮಾಂಸ ಸುಡುವ, ಒಲೆ ಹೊತ್ತಿರುತ್ತಿತ್ತು. ಮಾಂಸ ತಿನ್ನದವರು ಅದರ ಒಂದು ಮೂಲೆಯಲ್ಲಿ ಮುಸುಕಿನ ಜೋಳ ಸುಟ್ಟುಕೊಳ್ಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನನ್ನ ಗಂಡ. ರಸ್ತೆ ಬದಿಯಲ್ಲಿ ಯಾರಾದರೂ ಕುಂಟುತ್ತ ಹೋಗುವುದು ಕಂಡರೂ ಕಾರು ನಿಲ್ಲಿಸುವ ಮನುಷ್ಯ. "ಆಸ್ಪತ್ರೇಲಿರೋ ರೋಗಿಗಳು ನಿಮಗೆ ಸಾಲಲ್ವೇನ್ರೀ?" ಎಂದು ನಾನು ಬಯ್ದರೆ, "ಕಾಲು ನೋಡ್ದೆ ಅಷ್ಟೇ ಕಣೇ, ಮನೆಗೇನು ಕರ್ಕೊಂಡ್ ಬಂದ್ನಾ?" ಅನ್ನುತ್ತಿದ್ದರು.

ಮಗಳು ಶಾಲೆಗೆ ಸೇರುವ ಹೊತ್ತಿಗೆ ಬ್ರಿಸ್ಬೇನ್‌ಗೆ ಬಂದೆವು. ಊರಿನ ದಕ್ಷಿಣಕ್ಕೆ, ಆಗಿನ್ನೂ ಹುಲ್ಲುಗಾವಲೇ ಹೆಚ್ಚಿದ್ದ ಎಯ್ಟ್ ಮೈಲ್ ಪ್ಲೇನ್ಸ್ ಕಡೆ, ಅವರು ಇನ್ನೊಬ್ಬ ಡಾಕ್ಟರ ಜೊತೆ ಸೇರಿ ಸಣ್ಣದೊಂದು ಕ್ಲಿನಿಕ್ ತೆರೆದರು. ಅಲ್ಲಿಗೆ ಒಂದು ಶುಕ್ರವಾರ ಸಂಜೆಯ ಹೊತ್ತಿಗೆ ತಾಯಿಯೊಬ್ಬಳು ತನ್ನ ನಾಲ್ಕು ವರ್ಷದ ಮಗಳನ್ನು ಕರೆತಂದಳು. ಜ್ವರ, ಸ್ವಲ್ಪ ವಾಂತಿ. ಅವರು ಮಗುವಿನ ಕುತ್ತಿಗೆ ಬಾಗಿಸಿ ನೋಡಿದರು, ಮೈಮೇಲೆ ಕಲೆಗಳಿವೆಯೇ ನೋಡಿದರು, ಕಿವಿ, ಗಂಟಲು ನೋಡಿದರು. ವೈರಲ್ ಜ್ವರವೆಂದು ಔಷಧ ಬರೆದು, ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂದು ಹೇಳಿ ಕಳಿಸಿದರು. ಹೋಗುವಾಗ ಮಗು ಮೇಜಿನ ಮೇಲಿದ್ದ ಸ್ಟಿಕ್ಕರುಗಳಲ್ಲಿ ಕಪ್ಪೆಯದನ್ನು ಆರಿಸಿಕೊಂಡಿತಂತೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಬದುಕಿರಲಿಲ್ಲ. ಮೆದುಳಿನ ಪೊರೆಗೆ ತಗುಲಿದ ಸೋಂಕು.

ವಿಚಾರಣೆ ನಡೆಯಿತು. ಆ ಸಂಜೆ ಯಾವ ವೈದ್ಯನ ಕಣ್ಣಿಗೂ ಅದು ಬೀಳುವಂತಿರಲಿಲ್ಲ, ಇವರದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ನಾನು ಆ ಕಾಗದವನ್ನು ಎರಡು ಸಲ ಓದಿ ದೇವರಿಗೆ ಸ್ತೋತ್ರ ಹೇಳಿದೆ. ಅವರು ಒಂದು ಸಲವೂ ಪೂರ್ತಿ ಓದಲಿಲ್ಲ.

ಅದಾಗಿ ಕೆಲವು ವಾರಗಳಿಗೆ ಕ್ಲಿನಿಕ್ಕಿನಿಂದ ಫೋನು ಬಂತು. ಅಲ್ಲಿನ ರಿಸೆಪ್ಷನಿಸ್ಟ್ ದನಿ ತಗ್ಗಿಸಿ ಹೇಳಿದಳು: ಡಾಕ್ಟರ ಕಾರು ಎದುರಿನ ಸರ್ವೋದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಒಂದು ಗಂಟೆಯಿಂದ ನಿಂತಿದೆ, ಅವರು ಒಳಗೇ ಕೂತಿದ್ದಾರೆ, ಇಲ್ಲಿ ರೋಗಿಗಳು ಕಾಯುತ್ತಿದ್ದಾರೆ. ನಾನು ಪಕ್ಕದ ಮನೆಯವಳ ಕಾರಿನಲ್ಲಿ ಹೋದೆ. ಪೆಟ್ರೋಲ್ ಪಂಪಿನ ಪಕ್ಕದಲ್ಲಿ, ಎಂಜಿನ್ ಆರಿಸಿದ ಕಾರಿನಲ್ಲಿ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದರು.

"ಒಳಗೆ ಹೋಗಕ್ಕಾಗ್ತಿಲ್ಲ ಕಣೇ," ಅಂದರು. "ಎಲ್ರೂ ಮಾಮೂಲಿ ಜ್ವರ ಅಂತಲೇ ಬಂದಿರ್ತಾರೆ."

ಆಮೇಲೆ ಅಡಿಲೇಡ್. ಅಲ್ಲೊಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಗಳಲ್ಲಿ ಗಾಯಗೊಂಡವರ ಬಗ್ಗೆ ಬೇರೆ ಡಾಕ್ಟರುಗಳು ಬರೆದ ವರದಿಗಳನ್ನು ಓದಿ ರುಜು ಹಾಕುವುದು. ಮೇಜಿನ ಆಚೆ ಯಾರೂ ಬಂದು ಕೂರುತ್ತಿರಲಿಲ್ಲ. ಎಂಟಕ್ಕೆ ಹೋಗಿ ಐದಕ್ಕೆ ಬರುತ್ತಿದ್ದರು. ಮಗಳಿಗೆ ಕೆಮ್ಮು ಬಂದರೂ "ಬೇರೆ ಡಾಕ್ಟರ್‌ಗೆ ತೋರಿಸು" ಎಂದು ಎದ್ದು ಹೋಗುತ್ತಿದ್ದರು. ಸ್ಟೆತಸ್ಕೋಪು ಎಲ್ಲಿಟ್ಟರೋ ನನಗೆ ತಿಳಿಯಲೇ ಇಲ್ಲ.

ನಮ್ಮ ಬೇಲಿಯ ಆಚೆಗೆ ಗ್ರೀಸಿನ ಮುದುಕಿಯೊಬ್ಬಳಿದ್ದಳು. ಹಿತ್ತಲ ತುಂಬ ಟೊಮೇಟೊ ಬೆಳೆಸಿ ನಮಗೆ ಬುಟ್ಟಿಗಟ್ಟಲೆ ಕೊಡುವವಳು. ಅವಳ ಊರು ಕೋಸ್ ಎಂಬ ದ್ವೀಪ. ಡಾಕ್ಟರುಗಳು ಪ್ರಮಾಣವಚನ ತೆಗೆದುಕೊಳ್ಳುತ್ತಾರಲ್ಲ, ಆ ಪ್ರಮಾಣಕ್ಕೆ ಮೂಲನಾದ ಪುರಾತನ ವೈದ್ಯನು ಹುಟ್ಟಿದ್ದು, ಶಿಷ್ಯರಿಗೆ ಕಲಿಸಿದ್ದು ಅಲ್ಲಿಯೇ ಅನ್ನುತ್ತಾರೆ. ಅವಳು ಅರೆಬರೆ ಇಂಗ್ಲಿಷಿನಲ್ಲಿ, "ನಿನ್ನ ಗಂಡನನ್ನು ನಮ್ಮ ದ್ವೀಪಕ್ಕೆ ಕರಕೊಂಡು ಹೋಗು. ಅಲ್ಲಿ ದುಃಖ ಬಿಡುತ್ತೆ," ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದಳು. ನಗುವಂಥ ಮಾತು. ಆದರೆ ನನಗೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಇಂಗ್ಲೆಂಡಿನಲ್ಲಿದ್ದ ನನ್ನ ಅಣ್ಣನ ಮಗಳ ಮದುವೆಗೆ ಹೋದೆವು. ಮಗಳನ್ನು ಒಂದು ವಾರ ಅಣ್ಣನ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಕೋಸ್‌ಗೆ ಬಂದೆವು. ಅದು ಎಂಥ ದ್ವೀಪವೆಂದು ನಾನು ಅವರಿಗೆ ಹೇಳಿರಲಿಲ್ಲ. ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಬಸ್ಸಿನಲ್ಲಿ ಮೂವತ್ತು ಜನರಿದ್ದಿರಬಹುದು. ಗೈಡ್ ಒಬ್ಬಳು ಹುಡುಗಿ. ಡ್ರೈವರ್ ಪಕ್ಕ ನಿಂತು ಮೈಕಿನಲ್ಲಿ ಮೊದಲು ಇಂಗ್ಲಿಷ್, ಆಮೇಲೆ ಜರ್ಮನ್ ಮಾತಾಡುತ್ತಿದ್ದಳು. ಮೊದಲು ನಿಂತದ್ದೇ ಪುರಾತನ ಆಸ್ಪತ್ರೆಯೊಂದರ ಅವಶೇಷದಲ್ಲಿ. ಬೆಟ್ಟದ ಬದಿಯಲ್ಲಿ ಮೂರು ಅಂತಸ್ತಿನ ಕಲ್ಲಿನ ಅಂಗಳ, ಅಲ್ಲಲ್ಲಿ ಒಂಟಿ ಕಂಬಗಳು, ದೂರಕ್ಕೆ ಸಮುದ್ರ. ರೋಗಿಗಳು ಇಲ್ಲಿ ಮಲಗುತ್ತಿದ್ದರು, ಇಲ್ಲಿ ನೀರು ಬರುತ್ತಿತ್ತು ಎಂದು ವಿವರಿಸಿ, ಕೊನೆಗೆ ಗೈಡ್ ನಗುತ್ತ ಕೇಳಿದಳು:

"ನಿಮ್ಮಲ್ಲಿ ಯಾರಾದರೂ ಡಾಕ್ಟರ್ ಇದ್ದೀರಾ? ಇದ್ದರೆ ಮುಂದೆ ಬನ್ನಿ, ಇದು ನಿಮ್ಮ ತವರುಮನೆ. ಎಲ್ಲರೂ ಫೋಟೋ ತೆಗೆದುಕೊಳ್ಳಲಿ."

ದಿನವೂ ಹೇಳುವ ತಮಾಷೆ ಅದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಂಡ ಬಗ್ಗಿ ಶೂ ಲೇಸು ಕಟ್ಟತೊಡಗಿದರು. ಜನ ಮುಂದೆ ಹೋದ ಮೇಲೆ ಅವರು ಎದ್ದು, "ಬೇಕಂತಲೇ ಇಲ್ಲಿಗೆ ಕರ್ಕೊಂಡ್ ಬಂದ್ಯಲ್ವಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೌದೆಂದೆ. ಅವರು ತಲೆಯಾಡಿಸಿ ಬಸ್ಸಿನ ಕಡೆಗೆ ಇಳಿದುಹೋದರು.

ಮಧ್ಯಾಹ್ನ ದ್ವೀಪದ ಇನ್ನೊಂದು ತುದಿಯಲ್ಲಿ, ಸಮುದ್ರದ ದಡದ ಹೋಟೆಲೊಂದರಲ್ಲಿ ಊಟ. ನಮ್ಮ ಮೇಜಿಗೆ ಹಾಲೆಂಡಿನ ವಯಸ್ಸಾದ ದಂಪತಿ ಬಂದು ಕೂತರು. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವರು. ಆತ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು, ಮಾತುಗಾರ. ಮೈಸೂರು ಎಲ್ಲಿದೆಯೆಂದು ಕಾಗದದ ಕರವಸ್ತ್ರದ ಮೇಲೆ ಭಾರತದ ನಕ್ಷೆ ಬರೆದು ಚುಕ್ಕೆ ಇಟ್ಟು ತೋರಿಸಿದ. ಚುಕ್ಕೆ ಬೀದರಿನ ಹತ್ತಿರ ಬಿದ್ದಿತ್ತು. ನನ್ನ ಗಂಡ ಪೆನ್ನು ತೆಗೆದುಕೊಂಡು ಸರಿಮಾಡಿದರು. ನಕ್ಕರು ಕೂಡ. ನಾನು ತಿನ್ನುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ. ಎಷ್ಟು ಕಾಲವಾಗಿತ್ತೋ.

"ಆಸ್ಟ್ರೇಲಿಯಾದಲ್ಲಿ ಏನು ಕೆಲಸ?" ಎಂದು ಆತ ಕೇಳಿದ.

"ಕಾಗದ ಪತ್ರ ನೋಡುವ ಕೆಲಸ," ಅಂದರು ಇವರು.

ಬಸ್ಸು ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ಮುಂದಿನ ಸೀಟಿನಲ್ಲಿ ಆತ ಟೋಪಿ ತೆಗೆದ. ಕತ್ತಿನ ಹಿಂಭಾಗವೆಲ್ಲ ಬೆವರಿತ್ತು. ಹೆಂಡತಿಗೆ ಏನೋ ಹೇಳಿದ, ಅವಳು ನೀರಿನ ಬಾಟಲಿ ಹುಡುಕುವಷ್ಟರಲ್ಲಿ ಆತ ಸೀಟುಗಳ ನಡುವಿನ ಓಣಿಯ ಕಡೆಗೆ ವಾಲಿಕೊಂಡು ಬಿದ್ದ. ಅವಳು ಕಿರುಚಿದಳು. ಬಸ್ಸು ನಿಂತಿತು. ಗೈಡ್ ಓಡಿ ಬಂದು ನೋಡಿ, ಮೈಕು ಬೇಕಿಲ್ಲದಿದ್ದರೂ ಮೈಕಿನಲ್ಲೇ ಕೂಗಿದಳು:

"ಡಾಕ್ಟರ್! ಯಾರಾದರೂ ಡಾಕ್ಟರ್ ಇದ್ದೀರಾ?"

ಬೆಳಗಿನ ತಮಾಷೆಯ ಮಾತೇ. ಯಾರೂ ನಗಲಿಲ್ಲ.

ನನ್ನ ಗಂಡ ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದರು. ಅಂಗೈಗಳು ಮಂಡಿಯ ಮೇಲಿದ್ದವು. ಒಂದು ಗಳಿಗೆ, ಎರಡು ಗಳಿಗೆ. ನಾನು ಎಷ್ಟು ಹೊತ್ತು ಕಾದೆ ಎಂದು ಈಗ ಸರಿಯಾಗಿ ಹೇಳಲಾರೆ. ಆಗ ನನ್ನ ಮನಸ್ಸಿನಲ್ಲಿ ಆ ಮುದುಕ ಇದ್ದನೆಂದು ಹೇಳಿದರೆ ಸುಳ್ಳಾಗುತ್ತದೆ. ಇದೇ ಸಮಯ, ಈಗ ಎದ್ದರೆ ಇವರು ವಾಪಸು ಸಿಗುತ್ತಾರೆ ಅನ್ನುವುದೊಂದೇ ಇತ್ತು. ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಕೂಗಿದೆ: "ಇವರು ಡಾಕ್ಟರ್! ನನ್ನ ಗಂಡ ಡಾಕ್ಟರ್!"

ಇಡೀ ಬಸ್ಸು ಅವರ ಕಡೆ ತಿರುಗಿತು. ಅವರು ನನ್ನ ಮುಖವನ್ನು ಒಂದು ಸಲ ನೋಡಿದರು. ಆಮೇಲೆ ಎದ್ದರು.

ಅವರು ಏನನ್ನೂ ಮರೆತಿರಲಿಲ್ಲ. ಆತನನ್ನು ಓಣಿಯಲ್ಲಿ ಅಂಗಾತ ಮಲಗಿಸಿದರು, ಅಂಗಿ ಹರಿದರು, ಕತ್ತಿನಲ್ಲಿ ನಾಡಿ ಹುಡುಕಿದರು. ಡ್ರೈವರಿಗೆ, ಎಲ್ಲಿಯೂ ನಿಲ್ಲಿಸದೆ ಊರಿನ ಆಸ್ಪತ್ರೆಗೆ ಹೋಗು ಅಂದರು. ಎದೆ ಒತ್ತತೊಡಗಿದರು. ಒತ್ತುವುದು, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಮತ್ತೆ ಒತ್ತುವುದು. ಬಸ್ಸು ತಿರುವುಗಳಲ್ಲಿ ವಾಲಿದಾಗಲೆಲ್ಲ ಇಬ್ಬರು ಜರ್ಮನ್ ಹುಡುಗರು ಅವರ ಭುಜ ಹಿಡಿದುಕೊಳ್ಳುತ್ತಿದ್ದರು. ಡ್ರೈವರ್ ದಾರಿಯುದ್ದಕ್ಕೂ ಹಾರನ್ ಒತ್ತಿಕೊಂಡೇ ಇದ್ದ. ನಾನು ಆ ಹೆಂಗಸಿನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ. ಅವಳು ತನ್ನ ಭಾಷೆಯಲ್ಲಿ ಗಂಡನನ್ನು ಕರೆಯುತ್ತಿದ್ದಳು, ನಾನು ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ.

ಮುಕ್ಕಾಲು ಗಂಟೆಯ ದಾರಿ. ಅಷ್ಟು ಹೊತ್ತೂ ಅವರು ಬಿಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಗ್ರೀಕ್ ಡಾಕ್ಟರೊಬ್ಬ, ತೀರ ಎಳೆಯವನು, ಬಸ್ಸಿನೊಳಗೆ ಬಂದು ಬಗ್ಗಿ ನೋಡಿದ. ಮಲಗಿದ್ದವನ ಕಣ್ಣಿಗೆ ಬೆಳಕು ಹಿಡಿದ. ಆಮೇಲೆ ನನ್ನ ಗಂಡನ ಹೆಗಲ ಮೇಲೆ ಕೈಯಿಟ್ಟು, "ಸಾಕು, ಡಾಕ್ಟರ್," ಅಂದ. ಇವರಿಗೆ ಕೇಳಿಸಲಿಲ್ಲವೋ ಏನೋ, ಒತ್ತುತ್ತಲೇ ಇದ್ದರು. ಎರಡನೆಯ ಸಲ ಆ ಡಾಕ್ಟರ್ ಇವರ ಎರಡೂ ಮುಂಗೈ ಹಿಡಿದು ಎತ್ತಬೇಕಾಯಿತು.

ಆ ಹೆಂಗಸು ಅತ್ತ ಮೇಲೆ ನಮ್ಮ ಹತ್ತಿರ ಬಂದಳು. ಇವರ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡು, "ನೀವು ಕಾಗದ ನೋಡುವ ಕೆಲಸ ಅಂದಿದ್ದಿರಿ," ಅಂದಳು. ಅದರಲ್ಲಿ ಆಕ್ಷೇಪವೇನೂ ಇರಲಿಲ್ಲ. ತಿಳಿದುಕೊಳ್ಳಲು ಕೇಳುವವಳಂತೆ ಅಂದಳು.

ಬಸ್ಸು ಉಳಿದವರನ್ನು ಅವರವರ ಹೋಟೆಲಿಗೆ ಬಿಡಲು ಹೋಯಿತು. ನಾವಿಬ್ಬರೂ ನಡೆದೆವು. ಬಿಸಿಲಿನ್ನೂ ಇತ್ತು. ಬಂದರಿನ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಅವರು ಕೂತುಕೊಂಡರು. ಅಂಗೈಗಳು ಕೆಂಪಾಗಿ ಊದಿದ್ದವು. ನಾನು ಕರವಸ್ತ್ರ ನೀರಿನಲ್ಲಿ ಅದ್ದಿ ತಂದೆ. ತೆಗೆದುಕೊಳ್ಳಲಿಲ್ಲ.

"ನೀವು ಎಲ್ಲಾ ಸರಿಯಾಗೇ ಮಾಡಿದ್ರಿ," ಅಂದೆ. "ಬೇರೆ ಯಾರು ಮಾಡಿದ್ರೂ ಅಷ್ಟೇ ಅಲ್ವಾ?"

"ಅದು ಗೊತ್ತು. ನೋಡ್ತಿದ್ದಂಗೇ ಗೊತ್ತಾಯ್ತು, ಉಳಿಯಲ್ಲ ಅಂತ."

"ಮತ್ತೆ?"

ಅವರು ಹೇಳಿದರು: "ನಾನು ಏಳ್ತಿದ್ದೆ ಕಣೇ. ಕಾಲಿಗೆ ಬಲ ತಂದ್ಕೋತಿದ್ದೆ. ಇನ್ನೊಂದು ಕ್ಷಣ ಬಿಟ್ಟಿದ್ರೆ ನಾನೇ ಎದ್ದಿರ್ತಿದ್ದೆ. ನೀನು ಕೂಗ್ಬಿಟ್ಟೆ."

ಅವರು ನಿಧಾನವಾಗಿ, ಮಗುವಿಗೆ ತಿಳಿಸಿ ಹೇಳುವಂತೆ, ಮುಂದುವರಿಸಿದರು: "ಎದ್ದಿದ್ರೆ, ಅವನು ಸತ್ತಿದ್ರೂ ನಾನು ಎದ್ದೆ ಅನ್ನೋದು ಉಳೀತಿತ್ತು. ಈಗ ಏನಾಯ್ತು? ಹೆಂಡ್ತಿ ಎಬ್ಬಿಸಿದ್ಲು, ಹೋದೆ. ಅಷ್ಟೇ."

ಅಡಿಲೇಡಿಗೆ ಮರಳಿದ ಮರುದಿನವೇ ಬೇಲಿಯ ಆಚೆಯಿಂದ ಮುದುಕಿ ಕೇಳಿದಳು, "ಹೇಗಿದ್ದಾರೆ ಈಗ? ವಾಸಿಯಾ?" ನಾನು ವಾಸಿ ಅಂದೆ. ಅವಳು ಶಿಲುಬೆಯ ಗುರುತು ಹಾಕಿಕೊಂಡು, ನೋಡಿದ್ಯಾ ನಾನು ಹೇಳಿರಲಿಲ್ಲವೇ ಎಂದು ಸಂತೋಷಪಟ್ಟು, ಬುಟ್ಟಿ ತುಂಬ ಟೊಮೇಟೊ ಕೊಟ್ಟಳು. ಸಾರು ಮಾಡಿದೆ. ಅವರು ಊಟ ಮಾಡಿ ಎದ್ದರು.

ಆಮೇಲೆ ನಮ್ಮ ನಡುವೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಚೆನ್ನಿತ್ತು. ಕಾಫಿ ಕೊಟ್ಟರೆ "ಥ್ಯಾಂಕ್ಸ್" ಅನ್ನತೊಡಗಿದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನನಗೆ ಅವರು ಥ್ಯಾಂಕ್ಸ್ ಹೇಳಿರಲಿಲ್ಲ. ವೈದ್ಯರಾಗಿ ನೋಂದಣಿ ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ತುಂಬಿ ಕಳಿಸಬೇಕಾದ ಅರ್ಜಿ ಬಂದಿತು. ಕಚೇರಿಯ ಕೆಲಸ ಬೇಕಾದರೆ ನೋಂದಣಿಯಿಲ್ಲದೆಯೂ ನಡೆಯುತ್ತದೆ ಅಂದರು. ಅರ್ಜಿ ಫ್ರಿಜ್ಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿತ್ತು. ನಾನೇ ತುಂಬಿ ಕಳಿಸಲೇ ಎಂದು ಪೆನ್ನು ಹಿಡಿದುಕೊಂಡಾಗ, ಆಗ ಹದಿಹರೆಯಕ್ಕೆ ಬಂದಿದ್ದ ಮಗಳು, "ಜಸ್ಟ್ ಲೀವ್ ಹಿಮ್ ಅಲೋನ್, ಮಮ್," ಅಂದಳು. ಅವಳಿಗೆ ಬಸ್ಸಿನ ವಿಷಯ ಯಾರೂ ಹೇಳಿರಲಿಲ್ಲ. ನಾನು ಪೆನ್ನು ಕೆಳಗಿಟ್ಟೆ. ಅರ್ಜಿಯ ಕೊನೆಯ ದಿನ ಕಳೆಯಿತು.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಭಾನುವಾರ, ನಾನೊಬ್ಬಳೇ ಚರ್ಚಿಗೆ ಹೋಗಿ ಬಂದಾಗ ಅವರು ಅಡುಗೆಮನೆಯ ಮೇಜಿನಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಎಷ್ಟೋ ವರ್ಷ ಒಳಗಿಟ್ಟುಕೊಂಡಿದ್ದ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

"ಅವತ್ತು ನಿಜವಾಗ್ಲೂ ಏಳ್ತಿದ್ರಾ?"

ಯಾವತ್ತು ಎಂದು ಅವರು ಕೇಳಲಿಲ್ಲ. ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಗೊತ್ತಿಲ್ಲ," ಅಂದರು. "ಏಳ್ತಿದ್ದೆ ಅಂತ ಅನ್ಕೊಂಡಿದೀನಿ. ಅದೂ ಇಲ್ಲ ಅಂದ್ರೆ ನನ್ ಹತ್ರ ಇನ್ನೇನಿದೆ?"

ಕಿತ್ತಳೆಯ ಅರ್ಧವನ್ನು ನನ್ನ ಕಡೆ ಸರಿಸಿದರು. ನಾನು ತಿಂದೆ. ಮರುದಿನ ಸೋಮವಾರ, ಎಂದಿನಂತೆ ಎಂಟಕ್ಕೆ ಕೆಲಸಕ್ಕೆ ಹೋದರು.