ಆಳಂದದ ದೌಲತರಾಯ ಆಫ್‌ಸೈಡ್ ಕಲಿತದ್ದು

ಮಾದನಹಿಪ್ಪರಗಾದ ದೌಲತರಾಯ ಆಳಂದದಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕಿದ್ದ. 1996ರಲ್ಲಿ ಖಾದರಸಾಬ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮಿನ ಅಂಗಡಿ ತೆರೆದಾಗ ಅವನಿಗೆ ಇಪ್ಪತ್ತಾರು ವರ್ಷ. ನಿಜವಾದ ಫುಟ್‌ಬಾಲನ್ನು ಒಮ್ಮೆಯೂ ಒದ್ದವನಲ್ಲ. ಆದರೂ ಅಂಗಡಿಯ ಫುಟ್‌ಬಾಲ್ ಗೇಮಿನ ರಿಮೋಟು ಹಿಡಿದ ಮೂರೇ ತಿಂಗಳಲ್ಲಿ ಅಫಜಲಪುರ, ಜೇವರ್ಗಿಯಿಂದ ಬಂದವರೂ ಅವನ ಮುಂದೆ ಸೋತು ಹೋಗತೊಡಗಿದರು. ಅವನ ವರಸೆ ಒಂದೇ: ತನ್ನ ಆಟಗಾರರನ್ನು ಎದುರಾಳಿಯ ಗೋಲಿನ ಬಾಯಿಗೇ ನಿಲ್ಲಿಸಿ, ಹಿಂದಿನಿಂದ ಉದ್ದಕ್ಕೆ ಒದೆಯುವುದು.

ಮರುವರ್ಷ ಸೋಲಾಪುರದಲ್ಲಿ ಅದೇ ಗೇಮಿನ ಪಂದ್ಯಾವಳಿ ಇದೆಯೆಂದು ಖಾದರಸಾಬನೇ ಅವನನ್ನು ಕರೆದೊಯ್ದ. ಮೊದಲ ಪಂದ್ಯದಲ್ಲೇ ದೌಲತರಾಯ ಮೂರು ಸಲ ಚೆಂಡನ್ನು ಬಲೆಗೆ ಹಾಕಿದ. ಮೂರು ಸಲವೂ ಟಿವಿಯಲ್ಲಿ ಸೀಟಿ ಕೇಳಿತು, ಬಾವುಟ ಎದ್ದಿತು, ಗೋಲು ಲೆಕ್ಕಕ್ಕೆ ಬರಲಿಲ್ಲ.

"ಕ್ಯಾಸೆಟ್ ಕೆಟ್ಟದ ನೋಡ್ರಿ," ಎಂದ ಪಂಚರಿಗೆ.

"ಕ್ಯಾಸೆಟ್ ಛಲೋನೇ ಅದ. ನೀವು ಆಫ್‌ಸೈಡ್ ಆಗಾಕತ್ತೀರಿ."

"ಹಂಗಂದ್ರೇನ್ರಿ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಎರಡು ಗೋಲುಗಳಿಂದ ಸೋತು ಅವನು ಹೊರಗೆ ಬಂದ.

ವಾಪಸು ಬರುವ ಬಸ್ಸಿನಲ್ಲಿ ಖಾದರಸಾಬ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ನಮ್ಮ ಅಂಗಡಿ ಗೇಮಿನಾಗೂ ಆ ನಿಯಮ ಇತ್ತಪಾ. ಸೀಟಿ ಊದಿದಾಗೊಮ್ಮೆ ಗಿರಾಕಿಗಳು ಜಗಳ ತೆಗೀತಿದ್ರು. ಅದಕ್ಕ ಮೊದಲನೇ ವಾರದಾಗೇ ಅದನ್ನ ಬಂದ್ ಮಾಡಿಟ್ಟೆ."

"ನನಗೊಂದು ಮಾತು ಹೇಳಬೇಕಿತ್ತು," ಎಂದ ದೌಲತರಾಯ.

ಮುರ್ತುಜಾ ಎಂಬ ನಿವೃತ್ತ ಪೊಲೀಸ ಊರಲ್ಲಿದ್ದ. ಹರೆಯದಲ್ಲಿ ಹೈದರಾಬಾದಿನಲ್ಲಿ ಫುಟ್‌ಬಾಲ್ ಆಡಿದವನು. ದೌಲತರಾಯ ಅವನನ್ನು ಹುಡುಕಿಕೊಂಡು ಹೋದ. ಹೋಟೆಲಿನ ಮೇಜಿನ ಮೇಲೆ ಚಹಾದ ಗ್ಲಾಸುಗಳನ್ನೇ ಎದುರಾಳಿಯ ಆಟಗಾರರೆಂದು ಸಾಲಾಗಿಟ್ಟು ಮುರ್ತುಜಾ ವಿವರಿಸಿದ. "ಚೆಂಡು ಒದ್ಯೂದಕಿಂತ ಮುಂಚೆ ಇವರನ್ನ ದಾಟಿ ನಿಂತ್ರ ತಪ್ಪು. ಒದ್ದ ಮ್ಯಾಲೆ ಓಡು, ಯಾರೂ ಬ್ಯಾಡನ್ನಂಗಿಲ್ಲ."

ಅವನು ಕೇಳಿದ್ದಕ್ಕೆ ಖಾದರಸಾಬ ಅಂಗಡಿಯ ಗೇಮಿನಲ್ಲಿ ಆ ನಿಯಮವನ್ನು ಮತ್ತೆ ಚಾಲೂ ಮಾಡಿದ. ಹಳೆಯ ಚಾಳಿ ಬೆರಳು ಬಿಟ್ಟು ಹೋಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಶಾಲೆ ಬಿಟ್ಟು ಬಂದ ಹುಡುಗರ ಕೈಯಲ್ಲೂ ಅವನು ಸೋತ. ಹೆಂಡತಿ ಕಸ್ತೂರಿಬಾಯಿ ಒಮ್ಮೆ ಕೇಳಿದಳು: "ಸೋಲೂದಕ್ಕ ದಿನಾ ಯಾಕ ಹೋಗ್ತೀರಿ?"

"ಸೋತು ಸೋತೇ ಕಲ್ಯಾಕತ್ತೇನಿ."

1998ರಲ್ಲಿ ಸೋಲಾಪುರದಲ್ಲಿ ಮೂರನೆಯವನಾದ. ಮರುವರ್ಷ ಅಲ್ಲೇ ಗೆದ್ದ. ಫೈನಲ್ಲಿನ ಒಂದೇ ಗೋಲನ್ನು ಆಟಗಾರನನ್ನು ಆ ಗ್ಲಾಸುಗಳ ನಡುವೆ ಓಡಿಸಿದಂತೆ ಓಡಿಸಿ ಹೊಡೆದೆನೆಂದು ಮುರ್ತುಜಾನಿಗೆ ಹೇಳಿದ. ಮುದುಕ ತಲೆಯಾಡಿಸಿ ಚಹಾ ತರಿಸಿದ.

ಆ ಮಳೆಗಾಲದಲ್ಲೇ ಖಾದರಸಾಬ ಅಂಗಡಿ ಮುಚ್ಚಿ ಎಸ್‌ಟಿಡಿ ಬೂತ್ ಹಾಕಿದ. ಟಿವಿ, ರಿಮೋಟು ಎಲ್ಲ ಒಯ್ಯಿ ಎಂದು ದೌಲತರಾಯನಿಗೆ ಹೇಳಿದ. ದೌಲತರಾಯ ಒಲ್ಲೆನೆಂದ. ಮನೆಯಲ್ಲಿ ಒಬ್ಬನೇ ಕೂತು ಯಾರ ಜೊತೆ ಆಡುವುದು?